ಮಾಲುಗಳ ಇಳಿಹೊತ್ತು

ಮುಂಬಯಿಯ ಹಾಜಿ ಅಲಿಯ ಸಮೀಪ, ತಾಡದೇವದ ಅಂಚಿನಲ್ಲಿರುವ ಮಾಲೊಂದು 2025ರಲ್ಲಿ 476 ಕೋಟಿ ರೂಪಾಯಿಗೆ ಕೈಬದಲಾಯಿಸಿತು. ಸಾಲದಲ್ಲಿ ಸಿಕ್ಕಿಬಿದ್ದಿದ್ದ ಆ ಕಟ್ಟಡವು ಕೆ. ರಹೇಜಾ ಸಮೂಹದ ವಶವಾಯಿತೆಂದು ವ್ಯಾಪಾರದ ಪುಟಗಳಲ್ಲಿ ಸುದ್ದಿ ಬಂದು ಹೋಯಿತು. ಅಷ್ಟರಲ್ಲಾಗಲೇ ಅದರೊಳಗಿನ ಬಹುಪಾಲು ಮಳಿಗೆಗಳು ಬರಿದಾಗಿದ್ದವು. ಸೋಬೋ ಸೆಂಟ್ರಲ್ ಎಂಬ ಅದರ ಈಚಿನ ಹೆಸರು ನಮ್ಮ ಹಲವು ಓದುಗರಿಗೆ ಥಟ್ಟನೆ ಹೊಳೆಯಲಿಕ್ಕಿಲ್ಲ. ಕ್ರಾಸ್‌ರೋಡ್ಸ್ ಎಂದರೆ ಸಾಕು, ನಲವತ್ತು ದಾಟಿದ ಮುಂಬಯಿ ಕನ್ನಡಿಗರಿಗೆ ನೆನಪು ಬಂದೀತು.

1999ರಲ್ಲಿ ಅದು ತೆರೆದಾಗ ಊರಿಗೆ ಊರೇ ಅತ್ತ ಹರಿಯಿತು. ಮುಂಬಯಿಯಲ್ಲಿ ಅಂಗಡಿಗಳಿಗೇನು ಬರವೇ? ಕ್ರಾಫರ್ಡ್ ಮಾರ್ಕೆಟ್ಟು 1869ರಿಂದ ಇದೆ. ಗಿರಣಿ ಕಾರ್ಮಿಕರ ಸಹಕಾರದಿಂದ ನಾಯಗಾಂವಿನಲ್ಲಿ 1948ರಲ್ಲಿ ಹುಟ್ಟಿದ ಅಪ್ನಾ ಬಜಾರಿನಲ್ಲಿ ತಿಂಗಳ ದಿನಸಿ ತಂದು ಬದುಕಿದ ಸಂಸಾರಗಳು ನಮ್ಮಲ್ಲಿ ಎಷ್ಟೋ ಇವೆ. ಆದರೆ ಒಂದೇ ಸೂರಿನಡಿ ತಂಪು ಗಾಳಿ, ಗಾಜಿನ ಗೋಡೆ, ಚಲಿಸುವ ಮೆಟ್ಟಿಲು, ನಡುವೆ ಆಕಾಶದೆತ್ತರದ ಅಂಗಳ ಇವೆಲ್ಲವೂ ಕೂಡಿದ್ದನ್ನು ಸಾಮಾನ್ಯ ಜನರು ಕಂಡದ್ದು ಅಲ್ಲಿಯೇ ಮೊದಲು. ಮಾಲು ಎಂಬ ಶಬ್ದವೂ ಆಗಲೇ ಹೊಸ ಅರ್ಥ ತಾಳಿತು. ಅದುವರೆಗೆ ನಮ್ಮ ಹೊಟೇಲಿನವರ ಬಾಯಲ್ಲಿ ಮಾಲೆಂದರೆ ಸರಕು, ‘ಮಾಲು ಬಂತೇ?’ ಎಂದು ಅಡಿಗೆಮನೆಯಿಂದ ಕೇಳಿದರೆ ತರಕಾರಿ, ತೆಂಗಿನಕಾಯಿಯ ಗೋಣಿ ಬಂತೇ ಎಂದಷ್ಟೇ ಅರ್ಥವಿತ್ತು.

ಜನಸಂದಣಿಯನ್ನು ಕಂಡು ಮಾಲಿನವರು ಒಂದು ಕಟ್ಟಳೆ ಮಾಡಿದರು. ಕೈಯಲ್ಲಿ ಮೊಬೈಲು ಫೋನೋ ಕ್ರೆಡಿಟ್ ಕಾರ್ಡೋ ಇದ್ದವರಿಗೆ ಮುಕ್ತ ಪ್ರವೇಶ. ಇಲ್ಲದವರು ಹಣ ತೆತ್ತು ಒಳಗೆ ಹೋಗಬೇಕು. ಬಂದ ಕರೆಗೂ ದುಡ್ಡು ಕೊಡಬೇಕಾಗಿದ್ದ ಆ ಕಾಲದಲ್ಲಿ ಮೊಬೈಲು ಯಾರ ಜೇಬಿನಲ್ಲಿತ್ತೆಂಬುದನ್ನು ನಾವು ಬಿಡಿಸಿ ಹೇಳಬೇಕಾದದ್ದಿಲ್ಲ. ಗುಮಾಸ್ತನ ಜೇಬಿನಲ್ಲಿ ರೈಲಿನ ಪಾಸು ಇತ್ತು. ಹೊಟೇಲಿನ ಸಪ್ಲಾಯರನ ಜೇಬಿನಲ್ಲಿ ಅದೂ ಇರಲಿಲ್ಲ. ಅಂಗಡಿಗೆ ಹೋಗುವುದಕ್ಕೆ ಟಿಕೇಟು ಎಂದರೆ ನಗಬೇಕೋ ಸಿಟ್ಟಾಗಬೇಕೋ ತಿಳಿಯದೆ ಜನ ಹೊರಗೆ ನಿಂತು ಗಾಜಿನೊಳಗಿನ ಬೆಳಕನ್ನು ನೋಡಿ ಹಿಂದಿರುಗಿದರು. ಆ ಕಟ್ಟಳೆ ಹೆಚ್ಚು ಕಾಲ ಬಾಳಲಿಲ್ಲ. ಬಾಗಿಲು ತೆರೆಯಿತು, ಜನ ನುಗ್ಗಿತು. ಮುಂದಿನ ಹತ್ತು ಹದಿನೈದು ವರ್ಷಗಳಲ್ಲಿ ಮಲಾಡ, ಮುಲುಂಡ, ವಾಶಿ, ಭಾಂಡುಪ ಮೊದಲಾದ ಉಪನಗರಗಳಲ್ಲಿ ಎದ್ದುನಿಂತ ಮಾಲುಗಳು ಯಾರ ಕಾರ್ಡನ್ನೂ ಕೇಳಲಿಲ್ಲ. ನಾವು ಇಂದು ಹಂಬಲಿಸುತ್ತಿರುವುದು, ನಿಜ ಹೇಳಬೇಕೆಂದರೆ, ಈ ಎರಡನೆಯ ಪಂಕ್ತಿಯ ಮಾಲುಗಳಿಗಾಗಿ.

ಹಂಬಲಿಸಲು ಅಲ್ಲಿ ಏನಿತ್ತು ಎಂದು ಕೇಳುವವರಿದ್ದಾರೆ. ಕೊಳ್ಳುವ ಶಕ್ತಿಯಿಲ್ಲದವನಿಗೆ ಅದು ಮರುಳುಗೊಳಿಸುವ ಬಲೆಯೆಂದು ತಿಳಿದವರು ಆಗಲೇ ಹೇಳಿದ್ದರು. ಅದು ಸುಳ್ಳಲ್ಲ. ಆದರೆ ಹತ್ತಡಿ ಹತ್ತಡಿಯ ಖೋಲಿಯಲ್ಲಿ ಐದಾರು ಮಂದಿ ವಾಸಿಸುವ ಸಂಸಾರಕ್ಕೆ ಭಾನುವಾರದ ಮಧ್ಯಾಹ್ನ ಎಲ್ಲಿ ಹೋಗಬೇಕೆಂಬುದು ದೊಡ್ಡ ಪ್ರಶ್ನೆ. ಚೌಪಾಟಿಯಲ್ಲಿ ಬಿಸಿಲು, ಉದ್ಯಾನಗಳ ಬಾಗಿಲು ಎಷ್ಟೋ ಕಡೆ ಮಧ್ಯಾಹ್ನ ಮುಚ್ಚಿರುತ್ತದೆ, ಸಿನೆಮಾಕ್ಕೆ ಹಣ ಬೇಕು. ಮಾಲಿನಲ್ಲಿ ಮಕ್ಕಳು ಗಂಟೆಗಟ್ಟಲೆ ಚಲಿಸುವ ಮೆಟ್ಟಿಲ ಮೇಲೆ ಏರಿ ಇಳಿದು ಆಡಿದರೆ ಯಾರೂ ಶುಲ್ಕ ಕೇಳುತ್ತಿರಲಿಲ್ಲ. ಊರಿನಿಂದ ಬಂದ ಅತ್ತೆಯನ್ನೋ ಅಜ್ಜಿಯನ್ನೋ ಕರೆದೊಯ್ದಾಗ ಅವರು ಸೀರೆಯ ನೆರಿಗೆಯನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು, ಇನ್ನೊಂದು ಕೈಯಿಂದ ಮೊಮ್ಮಗನ ತೋಳನ್ನು ಬಿಗಿಯಾಗಿ ಹಿಡಿದು, ಮೊದಲ ಮೆಟ್ಟಿಲಿಗೆ ಕಾಲಿಡಲಾರದೆ ಹಿಂಜರಿದುದು, ಹಿಂದಿನವರೆಲ್ಲ ತಡೆದು ನಿಂತುದು, ಕಡೆಗೆ ಮೇಲೆ ತಲುಪಿದಾಗ ಯಾತ್ರೆ ಮುಗಿಸಿದವರಂತೆ ನಕ್ಕುದು, ಇಂಥ ದೃಶ್ಯವನ್ನು ಕಾಣದ ಸಂಸಾರವಿಲ್ಲ.

ಇನ್ನೊಂದು ವಿಷಯವನ್ನು ಗಂಡಸರು ಬರೆಯುವ ಲೇಖನಗಳಲ್ಲಿ ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ. ಈ ಮಹಾನಗರದಲ್ಲಿ ಹೆಂಗಸರು ಮನೆ ಬಿಟ್ಟು ಹೊರಟರೆ ಶುಚಿಯಾದ ಶೌಚಾಲಯ ಸಿಗುವುದು ದುರ್ಲಭ. ನೀರು ಕುಡಿಯದೆಯೇ ದಿನವಿಡೀ ತಿರುಗುವ ಅಭ್ಯಾಸ ನಮ್ಮ ಅಕ್ಕತಂಗಿಯರಿಗೆ ಇಂದಿಗೂ ತಪ್ಪಿಲ್ಲ. ಮಾಲು ಬಂದಮೇಲೆ ಅಂಗಡಿ ಬೀದಿಗೆ ಹೊರಟ ಹೆಂಗಸರಿಗೆ ಹಣ ಕೊಡದೆ, ಹೆದರದೆ ಹೋಗಬಹುದಾದ ಒಂದು ಜಾಗ ಸಿಕ್ಕಿತು. ಬೇರೆ ಯಾವ ಕಾರಣಕ್ಕಲ್ಲದಿದ್ದರೂ ಇದೊಂದಕ್ಕಾಗಿ ಮಾಲುಗಳನ್ನು ನೆನೆಯುವುದು ನ್ಯಾಯವೆಂದು ನಮಗೆ ತೋರುತ್ತದೆ.

ಹೊಟೇಲಿನ ಕೆಲಸಗಾರರ ಮಾತು ಬೇರೆ. ರಾತ್ರಿ ಗಿರಾಕಿಗಳು ಎದ್ದುಹೋದ ಮೇಲೆ ಮೇಜುಗಳನ್ನು ಜೋಡಿಸಿ ಅದರ ಮೇಲೆಯೇ ಮಲಗುವವನಿಗೆ, ಊಟದ ಹೊತ್ತು ಕಳೆದು ಸಂಜೆಯ ತಿಂಡಿಯ ಹೊತ್ತು ಬರುವವರೆಗಿನ ಎರಡು ತಾಸಿನ ಬಿಡುವಿನಲ್ಲಿ ಕುಳಿತುಕೊಳ್ಳಲು ಸ್ವಂತದ ಜಾಗವೆಂಬುದಿಲ್ಲ. ಹಿಂದಿನ ತಲೆಮಾರಿನವರಿಗೆ ಸಂಜೆಯ ರಾತ್ರಿಶಾಲೆಯಿತ್ತು, ಸಂಘದ ವಾಚನಾಲಯವಿತ್ತು. ಅವು ಒಂದೊಂದಾಗಿ ಕ್ಷೀಣಿಸಿದ ಕಾಲದಲ್ಲಿಯೇ ಮಾಲು ಬಂದುದು ಕಾಕತಾಳೀಯವಾಗಿರಬಹುದು. ಒಗೆದ ಅಂಗಿ ತೊಟ್ಟು, ತಲೆ ಬಾಚಿ, ಕಾವಲುಗಾರನ ಮುಂದೆ ಕೈಯೆತ್ತಿ ತಪಾಸಣೆ ಮಾಡಿಸಿಕೊಂಡು ಒಳಹೊಕ್ಕರೆ, ಆ ಎರಡು ತಾಸು ಅವನೂ ಯಾರೋ ಒಬ್ಬ ಗಿರಾಕಿ. ಅವನಿಗೆ ‘ಏನು ಬೇಕು ಸಾರ್’ ಎಂದು ಕೇಳುವವರು ಅಲ್ಲಿದ್ದರು. ಬಿಗ್ ಬಜಾರಿನವರು 2006ರ ಗಣರಾಜ್ಯ ದಿನದಂದು ‘ಎಲ್ಲಕ್ಕಿಂತ ಅಗ್ಗದ ದಿನ’ವೆಂದು ಸಾರಿದಾಗ ಊರಿಗೆ ಕಳುಹಿಸಲೆಂದು ಪ್ರೆಷರ್ ಕುಕ್ಕರು, ಚಾದರ, ಬಕೆಟುಗಳನ್ನು ಹೊತ್ತು ಬಂದವರಲ್ಲಿ ನಮ್ಮವರು ಕಡಿಮೆಯಿರಲಿಲ್ಲ. 2001ರಲ್ಲಿ ಆರಂಭವಾದ ಆ ಬಿಗ್ ಬಜಾರೂ 2022ರಲ್ಲಿ ಮುಗಿಯಿತು. ಬಾಡಿಗೆ ಕಟ್ಟಲಾಗದೆ ಅಂಗಡಿಗಳು ರಿಲಯನ್ಸಿನ ಕೈಸೇರಿ, ಹಲವೆಡೆ ಹೊಸ ಹೆಸರಿನ ಫಲಕ ಏರಿತು.

ಮಾಲುಗಳಿಗಾಗಿ ಮರುಗುವಾಗ ಅವು ನಿಂತ ನೆಲದ ಕಥೆಯನ್ನು ಮರೆತರೆ ಮಾತ್ರ ತಪ್ಪಾದೀತು. ಲೋವರ್ ಪರೇಲದ ಫೀನಿಕ್ಸ್ ಗಿರಣಿ 1905ರದು. ಸುತ್ತಲಿನ ಲಾಲಬಾಗ, ಪರೇಲ, ವರಳಿಗಳನ್ನು ಸೇರಿಸಿ ಗಿರಣಗಾಂವ ಎನ್ನುತ್ತಿದ್ದರು. ಪಾಳಿ ಬದಲಾಗುವ ಭೋಂಗಾ ಕೂಗಿತೆಂದರೆ ಬೀದಿ ತುಂಬ ಜನ. ಆ ಬೀದಿಯ ಹೊಟೇಲುಗಳಲ್ಲಿ ಚಹಾದ ಲೋಟ ತೊಳೆಯಲು ಎರಡು ಕೈ ಸಾಲದು. 1982ರ ಜನವರಿ 18ರಂದು ದತ್ತಾ ಸಾಮಂತರ ನೇತೃತ್ವದಲ್ಲಿ ಮುಷ್ಕರ ಆರಂಭವಾಯಿತು. ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಹೊರಬಂದರು. ಅದು ವಿಧಿವತ್ತಾಗಿ ಮುಗಿಯಲೇ ಇಲ್ಲ. ಹಲವರು ಕೊಂಕಣದ, ಘಟ್ಟದ ಮೇಲಿನ ತಮ್ಮ ಊರುಗಳಿಗೆ ಮರಳಿದರು. ಉಳಿದವರು ತರಕಾರಿ ಮಾರಿದರು. ಉದರಿ ಖಾತೆಯಲ್ಲಿ ಬರೆದಿಟ್ಟ ಅವರ ಚಹಾದ ಬಾಕಿಯನ್ನು ಹೊಟೇಲಿನ ಮಾಲಕರು ಅಳಿಸಿಹಾಕಬೇಕಾಯಿತು. ಆಮೇಲೆ ಗಿರಣಿಯ ಭೂಮಿಯ ಮೇಲೆ ಎಲ್ಲರ ಕಣ್ಣು ಬಿತ್ತು. ಆ ಭೂಮಿಯನ್ನು ಮೂರು ಪಾಲು ಮಾಡಿ, ಒಂದು ಪಾಲು ಬಯಲಿಗೆ, ಒಂದು ಪಾಲು ಬಡವರ ವಸತಿಗೆ, ಉಳಿದುದು ಒಡೆಯನಿಗೆ ಎಂಬ ಭಾವನೆಯ ನಿಯಮವೊಂದು 1991ರಲ್ಲಿ ಬಂದಿತ್ತು. 2001ರಲ್ಲಿ ಅದಕ್ಕೆ ತಿದ್ದುಪಡಿಯಾಗಿ, ಕಟ್ಟಡವಿಲ್ಲದ ಖಾಲಿ ನೆಲವನ್ನಷ್ಟೇ ಹಂಚಬೇಕೆಂದಾಯಿತು. ಗಿರಣಿಯ ಆವರಣದಲ್ಲಿ ಕಟ್ಟಡವಿಲ್ಲದ ನೆಲ ಎಷ್ಟಿರುತ್ತದೆ? ಮೊಕದ್ದಮೆ ಸುಪ್ರೀಂ ಕೋರ್ಟಿನವರೆಗೆ ಹೋಗಿ, 2006ರ ಮಾರ್ಚಿನಲ್ಲಿ ತಿದ್ದುಪಡಿಯೇ ಊರ್ಜಿತವಾಯಿತು. ಫೀನಿಕ್ಸಿನ ಆವರಣದಲ್ಲಿ ಇಂದು ದೊಡ್ಡ ಮಾಲು ಇದೆ. ಗಿರಣಿಯ ಹಳೆಯ ಚಿಮಣಿಯನ್ನು ಅಲಂಕಾರಕ್ಕೆಂಬಂತೆ ಉಳಿಸಿದ್ದಾರೆ.

ಆ ಬೀದಿಯ ಹೊಟೇಲಿನವರಲ್ಲಿ ಕೆಲವರು ಎದೆಗುಂದದೆ ಮಾಲಿನೊಳಗೇ ಹೋದರು. ಮೇಲಂತಸ್ತಿನ ತಿಂಡಿಯಂಗಳದಲ್ಲಿ, ಅಂದರೆ ಫುಡ್ ಕೋರ್ಟಿನಲ್ಲಿ, ಉಡುಪಿ ಹೊಟೇಲಿನ ಒಂದು ಕಟ್ಟೆ ಇಲ್ಲದ ಮಾಲು ಮುಂಬಯಿಯಲ್ಲಿ ಅಪರೂಪ. ಆದರೆ ಅಲ್ಲಿಯ ವ್ಯವಹಾರ ಬೇರೆಯೇ ಬಗೆಯದು. ಬೀದಿಯ ಹೊಟೇಲಿನಲ್ಲಿ ಬಾಡಿಗೆಯೆಂದರೆ ತಿಂಗಳಿಗಿಷ್ಟು ಎಂದು ಗೊತ್ತು. ಮಾಲಿನಲ್ಲಿ ಕನಿಷ್ಠ ಬಾಡಿಗೆ ಒಂದು, ಮಾರಾಟದಲ್ಲಿ ಶೇಕಡಾವಾರು ಪಾಲು ಒಂದು, ಇವೆರಡರಲ್ಲಿ ಯಾವುದು ಹೆಚ್ಚೋ ಅದನ್ನು ಕೊಡಬೇಕು. ಅದರ ಮೇಲೆ ಸಾಮಾನ್ಯ ಜಾಗದ ನಿರ್ವಹಣೆಯ ವೆಚ್ಚ, ತಂಪು ಗಾಳಿಯ ವೆಚ್ಚ. ದೋಸೆಯ ಬೆಲೆ ಬೀದಿಯದರ ಎರಡು ಮೂರು ಪಟ್ಟಾದರೆ ಅದು ಮಾಲಕನ ದುರಾಸೆಯೆಂದು ತಿಳಿಯಬಾರದು. ಇನ್ನೂ ಮುಖ್ಯವಾದುದು, ಅಲ್ಲಿ ಮಾಣಿಯೇ ಇಲ್ಲ. ಗಿರಾಕಿಯು ತಾನೇ ತಟ್ಟೆ ಹೊತ್ತು ತಾನೇ ಮೇಜು ಹುಡುಕಬೇಕು. ಎಂಜಲು ಬಳಿಯುವವರು ಬೇರೆ ಗುತ್ತಿಗೆದಾರನ ಆಳುಗಳು. ಹದಿನೆಂಟು ಮಂದಿ ಕೆಲಸ ಮಾಡುತ್ತಿದ್ದ ಹೊಟೇಲು ಐದು ಮಂದಿಯ ಕಟ್ಟೆಯಾಯಿತು. ಮಾತಿನಲ್ಲಿಯೇ ಹತ್ತು ಮೇಜಿನ ಲೆಕ್ಕವನ್ನು ಗಲ್ಲೆಗೆ ಕೂಗಿ ಹೇಳುತ್ತಿದ್ದ ಆ ವಿದ್ಯೆಗೆ ಅಲ್ಲಿ ಬೆಲೆಯಿಲ್ಲ.

ಹಾಗಿದ್ದೂ ಕೆಲಸ ಇತ್ತು. ಸಮವಸ್ತ್ರವಿತ್ತು, ಬೆವರು ಹರಿಯದ ಜಾಗವಿತ್ತು. 2020ರ ಮಾರ್ಚಿನಲ್ಲಿ ಕೊರೋನಾ ನಿರ್ಬಂಧದಿಂದ ಮಾಲುಗಳು ಮುಚ್ಚಿದವು. ಆಗಸ್ಟ್ 5ರಂದು ಮಹಾರಾಷ್ಟ್ರದಲ್ಲಿ ಮತ್ತೆ ತೆರೆದಾಗಲೂ ಸಿನೆಮಾ ಮತ್ತು ತಿಂಡಿಯಂಗಳಗಳಿಗೆ ಅನುಮತಿ ಇರಲಿಲ್ಲ. ಊರಿಗೆ ಹೋದ ಹುಡುಗರಲ್ಲಿ ಎಷ್ಟೋ ಮಂದಿ ಹಿಂದಿರುಗಲಿಲ್ಲ. ಆದರೆ ಕೊರೋನಾದ ಮೇಲೆಯೇ ಎಲ್ಲ ಹೊಣೆಯನ್ನೂ ಹೊರಿಸುವುದು ಸರಿಯಲ್ಲ. ಹಲವು ಮಾಲುಗಳು ಅದಕ್ಕೆ ಮೊದಲೇ ಸೊರಗಿದ್ದವು.

ಕಾರಣಗಳಲ್ಲಿ ಒಂದನ್ನು ನಮ್ಮ ಓದುಗರು ವಿಶೇಷವಾಗಿ ತಿಳಿಯಬೇಕು. ಮಾಲನ್ನು ಕಟ್ಟುವುದರಲ್ಲಿ ಎರಡು ಕ್ರಮಗಳಿವೆ. ಇಡೀ ಕಟ್ಟಡವನ್ನು ಒಬ್ಬನೇ ಒಡೆಯನು ತನ್ನಲ್ಲಿಟ್ಟುಕೊಂಡು ಅಂಗಡಿಗಳನ್ನು ಬಾಡಿಗೆಗೆ ಕೊಡುವುದು ಒಂದು. ಯಾವ ಅಂಗಡಿ ಎಲ್ಲಿರಬೇಕು, ಜನರನ್ನು ಸೆಳೆಯುವ ದೊಡ್ಡ ಅಂಗಡಿಗೆ ಎಷ್ಟು ಕಡಿಮೆ ಬಾಡಿಗೆ ಇಡಬೇಕು, ಯಾರನ್ನು ತೆಗೆದು ಯಾರನ್ನು ತರಬೇಕು ಎಂಬ ವಿಚಾರವೆಲ್ಲ ಅವನದು. ಇನ್ನೊಂದು, ಗಾಳೆಗಳನ್ನು ಬಿಡಿಬಿಡಿಯಾಗಿ ನೂರಾರು ಜನರಿಗೆ ಮಾರಿ ಕಟ್ಟಿದವನು ಕೈತೊಳೆದುಕೊಳ್ಳುವುದು. ಈ ಎರಡನೆಯದರಲ್ಲಿ ಒಬ್ಬನ ಗಾಳೆಯಲ್ಲಿ ಚಪ್ಪಲಿ, ಪಕ್ಕದಲ್ಲಿ ದಲಾಲಿಯ ಕಚೇರಿ, ಅದರಾಚೆ ಬೀಗ. ಚಲಿಸುವ ಮೆಟ್ಟಿಲು ಕೆಟ್ಟರೆ ದುರಸ್ತಿಗೆ ಹಣ ಕೊಡಲು ಅರ್ಧ ಜನ ಒಪ್ಪುವುದಿಲ್ಲ. ತಂಪು ಗಾಳಿಯ ಯಂತ್ರ ನಿಲ್ಲುತ್ತದೆ, ಗಿರಾಕಿ ನಿಲ್ಲುತ್ತಾನೆ. ಜನರಿಲ್ಲದ ಜಾಗದಲ್ಲಿ ಎಚ್ಚರಿಕೆಯೂ ಸಡಿಲವಾಗುತ್ತದೆ. ಭಾಂಡುಪದ ಮಾಲೊಂದರಲ್ಲಿ 2021ರ ಮಾರ್ಚಿನಲ್ಲಿ ಎದ್ದ ಬೆಂಕಿಗೆ ಅದರ ಮೇಲಂತಸ್ತಿನ ಆಸ್ಪತ್ರೆಯಲ್ಲಿದ್ದ ರೋಗಿಗಳು ಬಲಿಯಾದುದನ್ನು ಮುಂಬಯಿ ಮರೆತಿಲ್ಲ.

ನೈಟ್ ಫ್ರ್ಯಾಂಕ್ ಎಂಬ ಸ್ಥಿರಾಸ್ತಿ ಸಲಹಾ ಸಂಸ್ಥೆಯು 2024ರಲ್ಲಿ ಪ್ರಕಟಿಸಿದ ವರದಿಯು ಇಂಥವನ್ನು ಭೂತದ ಮಾಲುಗಳೆಂದು ಕರೆದಿದೆ. ಶೇಕಡಾ 40ಕ್ಕಿಂತ ಹೆಚ್ಚು ಜಾಗ ಖಾಲಿ ಬಿದ್ದ ಮಾಲುಗಳಿವು. ದೇಶದ ಎಂಟು ದೊಡ್ಡ ನಗರಗಳಲ್ಲಿ 2022ರಲ್ಲಿ ಅವು 57 ಇದ್ದುವು, 2023ರಲ್ಲಿ 64 ಆದವು. ಇದು ಮುಂಬಯಿಗಷ್ಟೇ ಸೀಮಿತವಾದ ವಿಷಯವಲ್ಲವೆಂಬುದು ಬೇರೆ ನಗರಗಳಲ್ಲಿರುವ ನಮ್ಮವರಿಗೆ ತಿಳಿದಿದೆ. ದಿಲ್ಲಿಯ ಕನ್ನಡಿಗರು ಅರ್ಧಚಂದ್ರಾಕಾರದ ಅನ್ಸಲ್ ಪ್ಲಾಜಾವನ್ನು ಮರೆತಿರಲಾರರು. ಅದೂ 1999ರಲ್ಲಿಯೇ ತೆರೆದುದು, 2007ರಲ್ಲಿ ಸಾಕೇತದ ಸೆಲೆಕ್ಟ್ ಸಿಟಿವಾಕ್ ಬಂದ ಮೇಲೆ ಮಂಕಾಯಿತು. ಮದರಾಸಿನ ಮೌಂಟ್ ರೋಡಿನ ಸ್ಪೆನ್ಸರ್ ಪ್ಲಾಜಾ ಇವೆಲ್ಲಕ್ಕೂ ಹಿರಿಯದು. 2010ರಲ್ಲಿ ಎಕ್ಸ್‌ಪ್ರೆಸ್ ಅವೆನ್ಯೂ ತೆರೆದ ಬಳಿಕ ಅದರ ಜನಸಂದಣಿ ಕರಗಿತು.

ಮಾಲೆಂಬುದನ್ನು ಜಗತ್ತಿಗೆ ಕೊಟ್ಟವನ ಕಥೆಯೂ ಕೇಳತಕ್ಕದ್ದೇ. ವಿಕ್ಟರ್ ಗ್ರೂಯೆನ್ ವಿಯೆನ್ನಾದ ವಾಸ್ತುಶಿಲ್ಪಿ. 1938ರಲ್ಲಿ ನಾಜಿಗಳಿಂದ ತಪ್ಪಿಸಿಕೊಂಡು ಅಮೇರಿಕಕ್ಕೆ ಹೋದವನು. ಅವನು ರೂಪಿಸಿದ ಸೌತ್‌ಡೇಲ್ ಮಿನೆಸೋಟಾ ರಾಜ್ಯದಲ್ಲಿ 1956ರ ಅಕ್ಟೋಬರ್ 8ರಂದು ತೆರೆಯಿತು. ಆಗ ಇಲ್ಲಿ ವಿಶಾಲ ಮೈಸೂರು ರಾಜ್ಯ ಉದಯಿಸಲು ಮೂರು ವಾರ ಉಳಿದಿತ್ತು! ಮಿನೆಸೋಟಾದ ಕಡು ಚಳಿಯಲ್ಲಿ ಜನ ಬೆಚ್ಚಗೆ ಅಡ್ಡಾಡಲೆಂದು ಪೂರ್ತಿ ಮುಚ್ಚಿದ ಕಟ್ಟಡ ಅದು. ವಿಯೆನ್ನಾದ ಚೌಕದಂತೆ ಜನ ಕೂಡುವ, ಕುಳಿತು ಮಾತಾಡುವ ಸ್ಥಳವಾಗಲಿ, ಸುತ್ತ ಮನೆ, ಶಾಲೆ, ವೈದ್ಯಾಲಯಗಳು ಬರಲಿ ಎಂಬುದು ಅವನ ಆಶಯ. ಬಂದದ್ದು ವಾಹನ ನಿಲ್ಲಿಸುವ ಬಯಲು. ಬೇಸತ್ತ ಗ್ರೂಯೆನ್ ವಿಯೆನ್ನಾಕ್ಕೆ ಮರಳಿ, ತನ್ನ ಹೆಸರಿನಲ್ಲಿ ಬೆಳೆದ ಆ ಮಾಲುಗಳನ್ನು ಬಹಿರಂಗವಾಗಿ ನಿರಾಕರಿಸಿದನು. ಅಲ್ಲಿಯೂ ಈಗ ಪಾಳುಬಿದ್ದ ಮಾಲುಗಳು ಅನೇಕ. ಅವುಗಳ ಚಿತ್ರ ತೆಗೆದು ತಮ್ಮ ಬಾಲ್ಯಕ್ಕಾಗಿ ಕಣ್ಣೀರಿಡುವವರೂ ಅನೇಕ. ಒಹಾಯೋ ರಾಜ್ಯದ ರ‍್ಯಾಂಡಲ್ ಪಾರ್ಕ್ ಮಾಲು 1976ರಲ್ಲಿ ತೆರೆದು 2009ರಲ್ಲಿ ಮುಚ್ಚಿತು. ಅದನ್ನು ಕೆಡವಿದ ನೆಲದಲ್ಲಿ 2018ರಿಂದ ಅಮೆಜಾನಿನ ಗೋದಾಮು ಕೆಲಸ ಮಾಡುತ್ತಿದೆ.

ನಮ್ಮಲ್ಲಿ ಗೋದಾಮು ಮಾಲಿನ ನೆಲದ ಮೇಲೆ ಏಳಲಿಲ್ಲ, ಭಿವಂಡಿಯಲ್ಲಿ ಎದ್ದಿತು. ಭಿವಂಡಿ ಎಂದೊಡನೆ ಹಳಬರಿಗೆ ಬೇರೊಂದು ನೆನಪಾಗುತ್ತದೆ. ಗಿರಣಿಗಳ ಮುಷ್ಕರದ ಕಾಲದಲ್ಲಿ ಮುಂಬಯಿಯ ನೇಯ್ಗೆಯ ಕೆಲಸ ಜಾರಿಹೋದುದು ಅದೇ ಭಿವಂಡಿಯ ವಿದ್ಯುತ್ ಮಗ್ಗಗಳಿಗೆ. ಕಡಿಮೆ ಕೂಲಿ, ಹೆಚ್ಚು ತಾಸು, ಸಂಘವಿಲ್ಲ. ಈಗ ಅಂಗಡಿಯ ಕೆಲಸ ಜಾರಿರುವುದೂ ಅಲ್ಲಿಗೇ. ಮೊಬೈಲಿನಲ್ಲಿ ಬೆರಳಾಡಿಸಿ ತರಿಸುವ ಅಂಗಿ, ಚಪ್ಪಲಿ, ಮಿಕ್ಸರುಗಳು ಆ ಹೊಲಗಳ ನಡುವಿನ ತಗಡಿನ ಮಹಾಮಂಟಪಗಳಿಂದ ಹೊರಟು ಮನೆಯ ಬಾಗಿಲಿಗೆ ಬರುತ್ತವೆ. ತರುವ ಹುಡುಗನು ಕೆಲವೊಮ್ಮೆ ಮಾಲಿನ ಅಂಗಡಿಯಲ್ಲಿ ಸಮವಸ್ತ್ರ ತೊಟ್ಟು ನಿಂತಿದ್ದವನೇ. ಅವನಿಗೀಗ ಸಂಬಳವಿಲ್ಲ, ತಂದ ಗಂಟಿಗಿಷ್ಟು ಎಂದು ಲೆಕ್ಕ. ಮಳೆ ಅವನದು, ಪೆಟ್ರೋಲು ಅವನದು. ತಿಂಡಿಯೂ ಹೀಗೆಯೇ ಬರುತ್ತಿದೆ. ಮೇಜು ಕುರ್ಚಿಗಳಿಲ್ಲದ, ಬೀದಿಗೆ ಫಲಕವಿಲ್ಲದ ಅಡಿಗೆಮನೆಗಳಲ್ಲಿ ಬರೀ ಪೊಟ್ಟಣ ಕಟ್ಟುವ ಹೊಟೇಲುಗಳು ಹುಟ್ಟಿವೆ. ಮಾಣಿ ಹೋದ ಮೇಲೆ ಗಿರಾಕಿಯ ಮುಖವೂ ಹೋಯಿತು.

ಮಾಲುಗಳೆಲ್ಲ ಸಾಯುತ್ತಿವೆ ಎಂದು ಮಾತ್ರ ಯಾರೂ ತಿಳಿಯಬಾರದು. ಫೀನಿಕ್ಸಿನಲ್ಲಿ ಇಂದೂ ಜನ ತುಂಬಿದೆ. ಬಾಂದ್ರಾ-ಕುರ್ಲಾ ಸಂಕುಲದಲ್ಲಿ 2023ರಲ್ಲಿ ತೆರೆದ ಜಿಯೋ ವರ್ಲ್ಡ್ ಪ್ಲಾಜಾದಲ್ಲಿ ಪ್ಯಾರಿಸಿನ, ಮಿಲಾನಿನ ಹೆಸರುಗಳು ಹೊಳೆಯುತ್ತಿವೆ. ಅಲ್ಲಿ ಬಾಗಿಲಲ್ಲಿ ಕ್ರೆಡಿಟ್ ಕಾರ್ಡು ತೋರಿಸೆಂದು ಯಾರೂ ಕೇಳುವುದಿಲ್ಲ. ಬೆಲೆಯ ಚೀಟಿಯೇ ಆ ಕೆಲಸ ಮಾಡುತ್ತದೆ. ಬರಿದಾಗುತ್ತಿರುವುದು ಗುಮಾಸ್ತನು ಹೆಂಡತಿ ಮಕ್ಕಳೊಡನೆ ಸಂಕೋಚವಿಲ್ಲದೆ ಹೋಗುತ್ತಿದ್ದ ಉಪನಗರದ ನಡುವಣ ಮಾಲು. ಅದರ ಬದಲಿಗೆ ನಗರಪಾಲಿಕೆಯಾಗಲಿ ಸರಕಾರವಾಗಲಿ ನೆರಳಿನ, ಶೌಚಾಲಯವುಳ್ಳ, ಹೆಂಗಸರೂ ಮಕ್ಕಳೂ ಮಧ್ಯಾಹ್ನ ಎರಡು ತಾಸು ಕುಳಿತುಕೊಳ್ಳಬಹುದಾದ ಒಂದು ಜಾಗವನ್ನೂ ಆ ಉಪನಗರಗಳಲ್ಲಿ ಕಟ್ಟಿದ್ದನ್ನು ನಾವು ಕಾಣೆವು.

ಕೊನೆಗೆ ನಮ್ಮ ಸಮಾಜಕ್ಕೆ ನೇರವಾಗಿ ತಟ್ಟಿದ ಒಂದು ಮಾತು. 2000-01ರಲ್ಲಿ ಸರಕಾರೀ ಬ್ಯಾಂಕುಗಳು ಸ್ವಯಂನಿವೃತ್ತಿಯ ಯೋಜನೆ ತಂದಾಗ ಸಾವಿರಾರು ನೌಕರರು ಇಡಿಗಂಟಾಗಿ ಹಣ ಪಡೆದು ಮನೆಗೆ ಬಂದರು. ಅವರಲ್ಲಿ ಕನ್ನಡಿಗ ಗುಮಾಸ್ತರೂ ಇದ್ದರು. ಮಾಲಿನಲ್ಲಿ ಒಂದು ಗಾಳೆ ಕೊಂಡರೆ ಪಿಂಚಣಿಯಂತೆ ಬಾಡಿಗೆ ಬಂದೀತೆಂದು ಆಗ ದಲಾಲರು ಮನೆಮನೆಗೆ ಹೇಳುತ್ತಿದ್ದರು. ಮೂವತ್ತು ವರ್ಷ ಗಲ್ಲೆಯಲ್ಲಿ ಕುಳಿತು ಉಳಿಸಿದ್ದನ್ನು ತೆಗೆದುಕೊಟ್ಟ ಹೊಟೇಲು ಮೆನೇಜರರೂ ಉಂಟು. ನೂರು ಚದರಡಿಯ ಆ ಗಾಳೆಗೆ ಇಂದು ಬಾಡಿಗೆದಾರನಿಲ್ಲ, ಕೊಳ್ಳುವವನಿಲ್ಲ. ಆದರೆ ಆಸ್ತಿ ತೆರಿಗೆಯ ನೋಟೀಸು ತಪ್ಪದೆ ಬರುತ್ತದೆ, ನಿರ್ವಹಣೆಯ ಬಾಕಿಗೆ ಬಡ್ಡಿ ಬೆಳೆಯುತ್ತದೆ. ಮೂಲ ಒಡೆಯರಲ್ಲಿ ಕೆಲವರು ತೀರಿಕೊಂಡು, ಮಕ್ಕಳಿಗೆ ಗಾಳೆ ಎಲ್ಲಿದೆಯೆಂಬುದೇ ಗೊತ್ತಿಲ್ಲ.

ಇಂಥ ಕಟ್ಟಡಗಳನ್ನು ಕೆಡವಿ ಬೇರೆ ಕಟ್ಟುವ ಮಾತು ಹಲವೆಡೆ ಏಳುತ್ತಿದೆ. ಆಗ ಹೊರಗಿನಿಂದ ಬಂದವರು ಮೊದಲು ಹುಡುಕುವುದು ದಣಿದು ಮಾರುವವನನ್ನು. ಗಾಳೆಯುಳ್ಳ ನಮ್ಮ ಬಂಧುಗಳು ನೋಂದಾಯಿತ ಕರಾರುಪತ್ರ, ತೆರಿಗೆಯ ರಶೀದಿಗಳು, ಸಂಘಕ್ಕೆ ಕಟ್ಟಿದ ಹಣದ ಲೆಕ್ಕ ಇಷ್ಟನ್ನೂ ಒಂದೆಡೆ ತೆಗೆದಿಡಲಿ. ತೀರಿಕೊಂಡವರ ಹೆಸರಿನಲ್ಲಿದ್ದರೆ ವಾರಸುದಾರರ ಹೆಸರಿಗೆ ಮಾಡಿಸಿಕೊಳ್ಳಲಿ. ಒಡೆಯರ ಸಭೆಯ ಕರೆಯೋಲೆ ಬಂದಾಗ ಒಬ್ಬೊಬ್ಬರೇ ಹೋಗುವುದಕ್ಕಿಂತ, ಅದೇ ಕಟ್ಟಡದಲ್ಲಿ ಗಾಳೆಯುಳ್ಳ ಇನ್ನು ನಾಲ್ವರನ್ನು ಹುಡುಕಿ, ಕಾಗದಪತ್ರ ಬಲ್ಲ ವಕೀಲರೊಬ್ಬರನ್ನು ಕರೆದುಕೊಂಡು ಹೋಗುವುದು ಮೇಲು.